ತಲೆಕೆಳಗಿನ ಹಾಳೆಗಳನ್ನು ಕಾಯುವ ಫೈಲಕ್ಕ

ಬೆಳಗಿನ ಐದೂಮುಕ್ಕಾಲು. ಬೀದಿ ದೀಪಗಳು ಇನ್ನೂ ಆರಿಲ್ಲ. ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರ ನೆಲಮಾಳಿಗೆಯಲ್ಲಿ, ಕಬ್ಬಿಣದ ಬಾಗಿಲಿನ ಮುಂದೆ ಒಬ್ಬ ಹೆಂಗಸು ಬೀಗದ ಜೊತೆ ಮಾತಾಡುತ್ತ ನಿಂತಿದ್ದಾರೆ. "ಏಳಪ್ಪಾ, ಮಲಗಿದ್ದು ಸಾಕು." ಬೀಗ ಎರಡು ಸಲ ಹಟ ಮಾಡಿ ಮೂರನೆಯ ಸಲ ಬಾಯಿ ಬಿಡುತ್ತದೆ. ಒಳಗೆ ಹನ್ನೊಂದು ಸಾಲು ಉಕ್ಕಿನ ರ‍್ಯಾಕುಗಳು. ನೆಲದಿಂದ ಸೂರಿನವರೆಗೂ ಫೈಲುಗಳು. ಹಳೇ ಕಾಗದದ ವಾಸನೆಗೆ ಗ್ರೀಸಿನ ವಾಸನೆ ಬೆರೆತಿದೆ. ಅವರು ಟ್ಯೂಬ್‌ಲೈಟ್ ಹಾಕಿ, ಸ್ವೆಟರಿನ ತೋಳು ಮೇಲಕ್ಕೆ ಸರಿಸಿ, ಏಳು ಮೆಟ್ಟಿಲಿನ ಏಣಿಯನ್ನು ಒಮ್ಮೆ ಅಲ್ಲಾಡಿಸಿ ನೋಡುತ್ತಾರೆ. ಅಷ್ಟರಲ್ಲಿ ಫೈಲು ಕೊಡುವ ಕಿಟಕಿಯ ಮುಂದೆ ಮೆಕ್ಯಾನಿಕ್ಕುಗಳ ಸಾಲು ನಿಂತಾಗಿದೆ.

"ಅಕ್ಕಾ, ಕಿರುಚೋ ಲಿಫ್ಟಿಂದು ಕೊಡಿ."

"ಯಾವ ಕಿರುಚೋದಪ್ಪಾ? ಬ್ಯಾಂಕಿಂದೋ, ಬಟ್ಟೆ ಅಂಗಡೀದೋ?"

"ಬಟ್ಟೆ ಅಂಗಡಿ."

"ಅದು ಕಿರುಚಲ್ಲ ಕಣೋ, ಅಳುತ್ತೆ. ಕಿರುಚೋದು ಬ್ಯಾಂಕಿಂದು. ತಗೋ. ಡಬ್ಬಿ ಇಡು."

ಹುಡುಗ ತನ್ನ ಊಟದ ಡಬ್ಬಿಯನ್ನು ಕಿಟಕಿಯ ಕಟ್ಟೆ ಮೇಲೆ ಇಡುತ್ತಾನೆ, ಫೈಲು ಬಗಲಿಗೆ ಸೇರಿಸಿ ಹೊರಡುತ್ತಾನೆ. ಇದು ಇಲ್ಲಿಯ ಕಾನೂನು. ಫೈಲು ಬೇಕಾದವರು ಡಬ್ಬಿ ಅಡ ಇಟ್ಟು ಹೋಗಬೇಕು. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡಿದ್ದ ಕಾಲದಲ್ಲಿ ಫೈಲುಗಳು ವಾರಗಟ್ಟಲೆ ಸ್ಕೂಟರಿನ ಡಿಕ್ಕಿಯಲ್ಲಿ ಸುತ್ತಾಡಿ ಬರುತ್ತಿದ್ದವಂತೆ. "ಸಹಿಗೆ ಯಾರು ಹೆದರ್ತಾರೆ? ಹೊಟ್ಟೆಗೆ ಎಲ್ಲರೂ ಹೆದರ್ತಾರೆ," ಎನ್ನುತ್ತಾರೆ ಈಕೆ. ಆರೂವರೆಗೆಲ್ಲ ಅವರ ಹಿಂದಿನ ಕಪಾಟಿನಲ್ಲಿ ಇಪ್ಪತ್ತು, ಇಪ್ಪತ್ತೆರಡು ಡಬ್ಬಿಗಳು ಸಾಲಾಗಿ ಕೂತಿರುತ್ತವೆ, ಒಂದೊಂದರ ಕೆಳಗೂ ಒಂದೊಂದು ಚೀಟಿ. ಮಧ್ಯಾಹ್ನ ಹನ್ನೆರಡೂವರೆಗೆ ಫೈಲುಗಳು ಒಂದೊಂದಾಗಿ ತಾವಾಗಿಯೇ ನಡೆದು ಬರುತ್ತವೆ. ಒಂದು ಗಂಟೆಯಾದರೂ ಕಪಾಟಿನಲ್ಲಿ ಡಬ್ಬಿ ಉಳಿದಿದ್ದರೆ ಈಕೆ ಫೋನ್ ಕೈಗೆತ್ತಿಕೊಳ್ಳುತ್ತಾರೆ.

ಇಡೀ ಕಂಪನಿಗೆ ಅವರು ಫೈಲಕ್ಕ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರಿನಿಂದ ಕೂಗಿದರೆ ತಾನೇ ತಿರುಗಿ ನೋಡುವುದಿಲ್ಲ ಎಂದು ನಗುತ್ತಾರೆ. ಈ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕಳೆದಿದ್ದಾರೆ. ಕಂಪನಿ ನೋಡಿಕೊಳ್ಳುವ ಲಿಫ್ಟುಗಳು ಮೂರು ಸಾವಿರದ ನೂರು, ಅವುಗಳ ಫೈಲು ಹನ್ನೆರಡು ಸಾವಿರದ ನಾನೂರು, ಮೆಕ್ಯಾನಿಕ್ಕುಗಳು ಇಪ್ಪತ್ತಾರು ಮಂದಿ. ಪ್ರತಿ ಫೈಲಿಗೂ ಒಂಬತ್ತು ಅಂಕೆಯ ನಂಬರಿದೆ. ಆ ನಂಬರು ಹೇಳಿ ಫೈಲು ಕೇಳಿದ ಮನುಷ್ಯನನ್ನು ಅವರು ಇಷ್ಟು ವರ್ಷದಲ್ಲಿ ಒಬ್ಬನನ್ನೇ ಕಂಡಿದ್ದಾರೆ. "ಆಡಿಟ್‌ನವನು. ಪಾಪ, ಅವನಿಗೆ ಲಿಫ್ಟುಗಳ ಪರಿಚಯ ಇರಲಿಲ್ಲ." ಮಿಕ್ಕವರಿಗೆಲ್ಲ ಅವು ಕುಂಟ ಲಿಫ್ಟು, ಕನ್ನಡಿ ಲಿಫ್ಟು, ನಾಲ್ಕನೇ ಮಹಡಿಯಲ್ಲಿ ಮುನಿಸಿಕೊಳ್ಳುವ ಲಿಫ್ಟು. ಆ ಹೆಸರುಗಳೆಲ್ಲ ಫೈಲಕ್ಕನ ತಲೆಯಲ್ಲಿವೆ.

ಮನೆಯಲ್ಲಿ ಮಾತ್ರ ಕಥೆಯೇ ಬೇರೆ. ಅವರ ಗಂಡ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಎರಡು ಕೋಣೆಯ ಮನೆಯ ಬಾಲ್ಕನಿಯಲ್ಲಿ ಕುಳಿತು, ಫೈಲಕ್ಕನ ಬಗ್ಗೆ ಬರೆಯಲು ಬಂದ ನನಗೆ ಟೀ ಕೊಡುತ್ತ ದೂರು ಶುರುಮಾಡುತ್ತಾರೆ. "ಹನ್ನೆರಡು ಸಾವಿರ ಫೈಲಲ್ಲಿ ಬೇಕಾದ್ದನ್ನ ಕಣ್ಣು ಮುಚ್ಕೊಂಡು ತೆಗೀತಾಳಂತೆ ಇವಳು. ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ದಿನಾ ನನ್ನ ಕೇಳ್ತಾಳೆ. ಇರೋದೇ ಒಂದು ಉಪ್ಪಿನ ಡಬ್ಬಿ ಸ್ವಾಮೀ!"

"ನೀವು ದಿನಕ್ಕೊಂದು ಕಡೆ ಇಟ್ರೆ ನಾನೇನು ಮಾಡ್ಲಿ? ಒಂದು ಚೀಟಿ ಇಡಿ ಅಂದ್ರೆ ಇಡಲ್ಲ," ಎಂದು ಒಳಗಿನಿಂದ ಉತ್ತರ ಬರುತ್ತದೆ.

ಇನ್ನೊಂದು ಗುಟ್ಟನ್ನೂ ಗಂಡನೇ ಹೊರಹಾಕುತ್ತಾರೆ. ಮೂವತ್ತೊಂದು ವರ್ಷ ಲಿಫ್ಟ್ ಕಂಪನಿಯಲ್ಲಿ ದುಡಿದ ಈ ಹೆಂಗಸು ಲಿಫ್ಟ್ ಹತ್ತುವುದಿಲ್ಲ. ಮೂರನೇ ಮಹಡಿಯ ಮೀಟಿಂಗಿಗೂ ಮೆಟ್ಟಿಲೇ. ಯಾಕಕ್ಕಾ ಎಂದರೆ ಫೈಲಕ್ಕ ಗಂಭೀರವಾಗಿ ಹೇಳುತ್ತಾರೆ: "ಎಲ್ಲದರ ಫೈಲೂ ಓದಿದೀನಲ್ಲ."

ನಗೆಯ ಹಿಂದೆ ಒಂದು ಬೆಳಗು ಇದೆ. ಹದಿನೆಂಟು ವರ್ಷದ ಹಿಂದಿನದು.

ಅಂದು ಒಂದು ಹಳೆಯ ಕಟ್ಟಡದ ಲಿಫ್ಟಿನ ಫೈಲು ಕೇಳಿ ಬಂದವನು ಆಗಷ್ಟೇ ಮದುವೆಯಾಗಿದ್ದ ಮೆಕ್ಯಾನಿಕ್ಕು. ಆ ಲಿಫ್ಟಿನ ಯಂತ್ರವನ್ನು ಎರಡು ತಿಂಗಳ ಹಿಂದೆ ಬದಲಾಯಿಸಿದ್ದರು. ಅದರ ಹೊಸ ವೈರಿಂಗ್ ನಕ್ಷೆ ಅಂಚೆಯಲ್ಲಿ ಬಂದಿತ್ತು. ಫೈಲಕ್ಕ ಅವಸರದಲ್ಲಿ ಅದನ್ನು ಫೈಲಿನ ಕೊನೆಗೆ ಸೇರಿಸಿದ್ದರು. ಹಳೆಯದು ಮೇಲೆಯೇ ಉಳಿದಿತ್ತು. ಮೆಕ್ಯಾನಿಕ್ಕು ಮೇಲಿನದನ್ನು ನಂಬಿ ಅದರಲ್ಲಿ ಕಂಡ ಸ್ವಿಚ್ಚನ್ನು ಆಫ್ ಮಾಡಿದ, ಕರೆಂಟು ಹೋಯಿತೆಂದುಕೊಂಡು ಯಂತ್ರದ ಚಕ್ರದ ಹತ್ತಿರ ಕೈ ಹಾಕಿದ. ಸ್ವಿಚ್ಚು ಬದಲಾಗಿತ್ತು. ಚಕ್ರ ತಿರುಗಿತು. ಬಲಗೈಯ ಒಂದು ಬೆರಳು ಪೂರ್ತಿ, ಇನ್ನೊಂದು ಅರ್ಧ ಹೋಯಿತು.

ಆ ಮೆಕ್ಯಾನಿಕ್ಕು ಈಗ ಇಪ್ಪತ್ತಾರು ಜನರಲ್ಲಿ ಹಿರಿಯ. ಉಳಿದ ಬೆರಳುಗಳ ಲೆಕ್ಕದಲ್ಲಿ ಎಲ್ಲರೂ ಅವರನ್ನು ಎಂಟೂವರೆ ಎಂದೇ ಕರೆಯುತ್ತಾರೆ. ಹೆಸರಿಟ್ಟವರೂ ಅವರೇ, ಬೇರೆಯವರು ಇಡುವ ಮೊದಲೇ. "ಅಕ್ಕ ಆಸ್ಪತ್ರೆಗೆ ಬಂದಿದ್ಳು," ಎಂದು ನೆನಪಿಸಿಕೊಳ್ಳುತ್ತಾರೆ. "ಕೂತ್ಕೊಂಡು ಕಿತ್ತಳೆ ಹಣ್ಣು ಸುಲಿಯೋಕೆ ಶುರು ಮಾಡಿದ್ಳು. ಸುಲೀತಾಳೆ, ಇಡ್ತಾಳೆ. ಒಂದು ಡಜನ್ ಸುಲಿದ್ಳು. ತಿನ್ನೋಕೆ ನಾನೊಬ್ನೇ! ಅಕ್ಕಾ, ಹೋಗಿದ್ದು ಬೆರಳು, ಹಲ್ಲಲ್ಲ, ಆದ್ರೂ ಇಷ್ಟು ತಿನ್ನೋಕಾಗಲ್ಲ ಅಂದೆ. ಆಗ ಅತ್ತಳು ನೋಡಿ."

ವಿಚಾರಣೆ ನಡೆಯಿತು. ಯಾರೊಬ್ಬರ ತಪ್ಪೂ ಅಲ್ಲವೆಂದು ಕಾಗದದಲ್ಲಿ ಬರೆದರು. ಆ ಕಾಗದವನ್ನೂ ಫೈಲಕ್ಕನೇ ಫೈಲು ಮಾಡಬೇಕಾಯಿತು. ಮಾರನೆಯ ದಿನದಿಂದ ಅವರು ಹನ್ನೊಂದು ಸಾಲು ರ‍್ಯಾಕನ್ನೂ ಮೊದಲಿನಿಂದ ಬಿಚ್ಚಲು ಕುಳಿತರು. ಎರಡು ವರ್ಷ ಹಿಡಿಯಿತು. ಯಾವುದೇ ಫೈಲಿನಲ್ಲಿ ಹೊಸ ನಕ್ಷೆ ಇದ್ದರೆ ಹಳೆಯದನ್ನು ತಲೆಕೆಳಗು ಮಾಡಿ ಹೊಲಿದರು. ಹಳೆಯದನ್ನು ಬಿಸಾಡಬಹುದಿತ್ತಲ್ಲ ಎಂದು ಕೇಳಿದೆ. "ಬಿಸಾಕೋಕಾಗಲ್ಲ. ಗೋಡೆ ಒಳಗಿನ ವೈರು, ಹೂತಿರೋ ಕಂಬಿ ಎಲ್ಲಾ ಹಳೇದರಲ್ಲೇ ಇರುತ್ತೆ. ನೋಡಬೇಕು, ಆದ್ರೆ ನಂಬಬಾರದು. ಹಾಳೆ ತಲೆಕೆಳಗಾಗಿದ್ರೆ ಎಂಥ ನಿದ್ದೆಗಣ್ಣಲ್ಲಿದ್ರೂ ಮನುಷ್ಯ ಒಂದು ಕ್ಷಣ ತಡೀತಾನೆ. ಆ ಒಂದು ಕ್ಷಣ ನನಗೆ ಸಾಕು."

ಹದಿನೆಂಟು ವರ್ಷ ಆ ಒಂದು ಕ್ಷಣ ಸಾಕಾಗಿತ್ತು. ಹಳೇ ನಕ್ಷೆ ನಂಬಿ ಯಾರಿಗೂ ಇನ್ನೊಂದು ಗಾಯವಾಗಲಿಲ್ಲ. ಈ ತಲೆಕೆಳಗಿನ ಕಟ್ಟಳೆ ಯಾವ ಸುತ್ತೋಲೆಯಲ್ಲೂ ಇಲ್ಲ. ಹೊಸ ಮೆಕ್ಯಾನಿಕ್ಕು ಬಂದರೆ ಹಳಬರು ಹೇಳಿಕೊಡುತ್ತಾರೆ, ಅಷ್ಟೇ.

ಕಳೆದ ವರ್ಷ ಕಂಪನಿ ಒಂದು ತೀರ್ಮಾನಕ್ಕೆ ಬಂತು. ಕಾಗದ ಸಾಕು, ಎಲ್ಲವೂ ಕಂಪ್ಯೂಟರಿಗೆ ಹೋಗಬೇಕು. ದಾಖಲೆ ನಿರ್ವಹಣಾ ವ್ಯವಸ್ಥೆ ಎಂದು ನೋಟಿಸ್ ಬೋರ್ಡಿನಲ್ಲಿ ಅಂಟಿಸಿದರು. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಬರೀ ಸಿಸ್ಟಂ. ಯಾವ ಸಿಸ್ಟಂ ಕೊಳ್ಳಬೇಕೆಂದು ಆರಿಸುವ ಹೊಣೆ ಮೂರನೇ ಮಹಡಿಯ ಮ್ಯಾನೇಜರ್ ಮೇಡಂ ಅವರದಾಯಿತು. ಚುರುಕಿನ ಹೆಣ್ಣುಮಗಳು, ಫೈಲಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮಾರಲು ಬಂದವರು ಮೂರು ತಂಡ. ಮೊದಲಿನವರು ನಾಲ್ಕು ಜನ, ನಾಲ್ವರೂ ಸೂಟು; ಮೆಕ್ಯಾನಿಕ್ಕುಗಳು ಅವರನ್ನು ಸೂಟಿನವರು ಎಂದರು. ಎರಡನೆಯವರು ಬರಲೇ ಇಲ್ಲ, ವಿಡಿಯೋದಲ್ಲೇ ಮಾತಾಡಿದರು. ಮೂರನೆಯವರು ಒಬ್ಬರೇ ಹೆಂಗಸು, ಹೆಗಲಿಗೆ ಬಟ್ಟೆಯ ಚೀಲ. ಆಕೆ ಚೀಲದವರು.

ಸೂಟಿನವರದು ಎಲ್ಲರಿಗೂ ಹಿಡಿಸಿತು. ಪರದೆ ಮೇಲೆ ಬಣ್ಣಬಣ್ಣದ ಚಿತ್ರ, ಕಣ್ಣು ಮಿಟುಕಿಸುವುದರೊಳಗೆ ಹುಡುಕಾಟ. ಪರೀಕ್ಷೆಗೆಂದು ಇನ್ನೂರು ಫೈಲು ಒಯ್ದು ಒಂದೇ ವಾರದಲ್ಲಿ ಸ್ಕ್ಯಾನ್ ಮಾಡಿ ತಂದರು. ಫೈಲಕ್ಕನೂ ಮೆಚ್ಚಿದರು. ಇದರಲ್ಲಿ ಅವರಿಗೆ ಮುಚ್ಚುಮರೆಯಿಲ್ಲ. "ಎಷ್ಟು ಚೊಕ್ಕಟವಾಗಿತ್ತು ಗೊತ್ತಾ? ನನ್ನ ಮಗಳ ಮದುವೆ ಆಲ್ಬಂ ಕೂಡ ಅಷ್ಟು ಚೆನ್ನಾಗಿಲ್ಲ. ನನಗೆ ಸಂತೋಷಾನೇ ಆಯ್ತು. ನಿವೃತ್ತಿಗೆ ವರ್ಷ ಕೂಡ ಇರಲಿಲ್ಲ. ನಾನು ಹೋದ ಮೇಲೆ ಇವರ ಗತಿಯೇನು ಅಂತ ಅನ್ಕೋತಿದ್ದೆ."

ಕಿಟಕಿಯ ಪಕ್ಕ ಒಂದು ಕಂಪ್ಯೂಟರು, ಒಂದು ಪ್ರಿಂಟರು ಬಂದು ಕೂತವು. ಒಂಬತ್ತನೆಯ ದಿನ, ಒಂದು ಗುರುವಾರದ ಬೆಳಗ್ಗೆ, ಹೆರಿಗೆ ಆಸ್ಪತ್ರೆಯ ಲಿಫ್ಟು ನಿಂತಿದೆ ಎಂದು ಫೋನ್ ಬಂತು. ಹೊರಟವರು ಎಂಟೂವರೆ. ಅವಸರ ಇತ್ತು. ಫೈಲು ಬೇಡವೆಂದು ಹೊಸ ಯಂತ್ರದಿಂದಲೇ ನಕ್ಷೆಯ ಪ್ರಿಂಟು ತೆಗೆದರು. ಮಡಿಸಿ ಜೇಬಿಗೆ ಇಡುತ್ತಿದ್ದರು.

ಫೈಲಕ್ಕ ಏಣಿಯ ಐದನೇ ಮೆಟ್ಟಿಲಿನಲ್ಲಿದ್ದರು. ಮೇಲಿನಿಂದ ಸುಮ್ಮನೆ ಕಣ್ಣು ಹಾಯಿಸಿದರು. ಹಾಳೆಯ ಮೇಲಿನ ಬಲ ಮೂಲೆಯಲ್ಲಿ ಕಾಸಿನಗಲ ಒಂದು ಮಸಿಯ ಕಲೆ. ಆ ಕಲೆ ಅವರಿಗೆ ಗೊತ್ತು. ತಮ್ಮ ಪೆನ್ನೇ ಸೋರಿ ಆದದ್ದು. ಆದರೆ ಫೈಲು ತೆರೆದಾಗ ಅದು ಕಾಣಬೇಕಾದದ್ದು ಕೆಳಗೆ, ಎಡಕ್ಕೆ.

"ತಮ್ಮಾ, ನಿಲ್ಲೋ!"

"ಬಂದು ಮಾತಾಡ್ತೀನಕ್ಕಾ, ಒಳಗೆ ಒಬ್ಬಳು ನರ್ಸ್ ಸಿಕ್ಕಾಕೊಂಡಿದಾಳೆ."

"ಆ ಹಾಳೆ ಕೊಡೋ ಇಲ್ಲಿ! ಹಳೇದು ಕಣೋ ಅದು, ಹಳೇದು!"

ಏಣಿ ಹೇಗೆ ಇಳಿದೆನೋ ತನಗೇ ಗೊತ್ತಿಲ್ಲ ಎನ್ನುತ್ತಾರೆ. ಎಂಟೂವರೆ ಬಾಗಿಲಲ್ಲೇ ನಿಂತರು. ಫೈಲಕ್ಕ ಅವರ ಜೇಬಿನಿಂದ ಪ್ರಿಂಟು ಕಿತ್ತುಕೊಂಡು, ರ‍್ಯಾಕಿನಿಂದ ಫೈಲನ್ನೇ ತೆಗೆದು ಕೈಗಿತ್ತರು. ತೆರೆದು ನೋಡಿದರೆ ಹಾಗೆಯೇ ಇತ್ತು. ಕಲೆಯ ಹಾಳೆ ತಲೆಕೆಳಗಾಗಿ ಮಲಗಿತ್ತು, ಅದರ ಮೇಲೆ ಹೊಸ ನಕ್ಷೆ ನೆಟ್ಟಗೆ ಕೂತಿತ್ತು. ಎರಡರಲ್ಲೂ ಸ್ವಿಚ್ಚು ಬೇರೆ ಬೇರೆ. ಎಂಟೂವರೆ ಫೈಲು ತೆಗೆದುಕೊಂಡು ಹೋದರು. ನರ್ಸು ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದಳು.

ಆದದ್ದು ಇಷ್ಟೇ. ಸೂಟಿನವರ ಸ್ಕ್ಯಾನರು ತಲೆಕೆಳಗಿದ್ದ ಹಾಳೆಯನ್ನೆಲ್ಲ ಗುರುತು ಹಿಡಿದು ಪಾಪ, ಒಳ್ಳೆಯ ಮನಸ್ಸಿನಿಂದಲೇ ನೆಟ್ಟಗೆ ಮಾಡಿತ್ತು. ಪರದೆಯಲ್ಲಿ ಹಳೆಯದೂ ಹೊಸದೂ ಒಂದೇ ಥರ ಕಾಣುತ್ತಿದ್ದವು; ಹದಿನೆಂಟು ವರ್ಷದ ಎಚ್ಚರಿಕೆ ಒಂದು ವಾರದಲ್ಲಿ ಮಾಯವಾಗಿತ್ತು. ಫೈಲಕ್ಕ ಈಗಲೂ ಬೈದುಕೊಳ್ಳುವುದು ತಮ್ಮನ್ನೇ. "ಅವರಿಗೆ ನಾನೇ ಹೇಳ್ಲಿಲ್ಲ. ಬೇಕು ಅಂತಲ್ಲ. ಹೇಳಬೇಕು ಅಂತ ಹೊಳೀಲೇ ಇಲ್ಲ. ನಾನು ಉಸಿರಾಡ್ತೀನಿ ಅಂತ ಯಾರಿಗಾದ್ರೂ ಹೇಳ್ತೀವಾ?"

ಕರಾರಿಗೆ ಸಹಿ ಬೀಳಬೇಕಾಗಿದ್ದದ್ದು ಮರುದಿನ ಶುಕ್ರವಾರ. ಫೈಲಕ್ಕ ಪ್ರಿಂಟು ಹಿಡಿದು ಮೂರು ಮಹಡಿ ಮೆಟ್ಟಿಲು ಹತ್ತಿದರು. ಮೇಲೆ ಸೂಟಿನವರೂ ಇದ್ದರು.

"ಮೇಡಂ, ಇವರ ಯಂತ್ರ ನನ್ನ ಹಾಳೆಗಳನ್ನ ನೆಟ್ಟಗೆ ಮಾಡಿಬಿಟ್ಟಿದೆ."

"ನೆಟ್ಟಗೆ ಮಾಡಿದ್ರೆ ಒಳ್ಳೇದೇ ಅಲ್ವಾ ಅಕ್ಕಾ?" ಎಂದರು ಮ್ಯಾನೇಜರ್ ಮೇಡಂ.

"ಅದೇ ನಮ್ಮ ವಿಶೇಷತೆ ಮೇಡಂ! ತಾನಾಗೇ ಮಾಡುತ್ತೆ," ಎಂದು ಸೂಟಿನವರಲ್ಲೊಬ್ಬರು ಹಿಗ್ಗಿದರು.

ಫೈಲಕ್ಕನಿಗೆ ಭಾಷಣ ಬರುವುದಿಲ್ಲ. ಅವರು ಪ್ರಿಂಟನ್ನು ಮೇಜಿನ ಮೇಲೆ ಇಟ್ಟು, ತಮ್ಮ ಬಲಗೈಯ ಎರಡು ಬೆರಳು ಮಡಿಸಿ ತೋರಿಸಿದರಂತೆ. ಒಂದು ಪೂರ್ತಿ, ಒಂದು ಅರ್ಧ. ಕಂಪನಿಯಲ್ಲಿ ಆ ಸನ್ನೆ ಗೊತ್ತಿಲ್ಲದವರಿಲ್ಲ. ಮೇಡಂ ಕುರ್ಚಿಯಿಂದ ಎದ್ದರು. ಅಂದು ಸಂಜೆಯೊಳಗೆ ಇನ್ನೂರು ಫೈಲನ್ನೂ ತಾಳೆ ನೋಡಿದರು. ನೆಟ್ಟಗಾಗಿದ್ದ ಹಳೇ ಹಾಳೆಗಳು ಆರುನೂರ ನಲವತ್ತು.

ಸಹಿ ಬೀಳಲಿಲ್ಲ. ಮ್ಯಾನೇಜರ್ ಮೇಡಂ ದೊಡ್ಡ ಮನಸ್ಸಿನವರು, ನನ್ನೊಡನೆ ಏನನ್ನೂ ಮುಚ್ಚಿಡಲಿಲ್ಲ. "ಸಿಸ್ಟಂ ಆರಿಸೋಕೆ ಐವತ್ತೆರಡು ಪ್ರಶ್ನೆ ಪಟ್ಟಿ ಮಾಡಿದ್ದೆ. ಎಷ್ಟು ವೇಗ, ಎಷ್ಟು ಜಾಗ, ಎಷ್ಟು ಭದ್ರ ಎಲ್ಲಾ ಇತ್ತು. ನೆಲಮಾಳಿಗೆಗೆ ಹೋಗಿ ಕೇಳಬೇಕಾದ ಪ್ರಶ್ನೆ ಒಂದೂ ಇರಲಿಲ್ಲ. ಪಟ್ಟಿ ಹರಿದು ಹಾಕಿದೆ. ಒಂದೇ ಪ್ರಶ್ನೆ ಇಟ್ಕೊಂಡೆ. ಬೆಳಗ್ಗೆ ಆರು ಗಂಟೆಗೆ ಮೆಕ್ಯಾನಿಕ್ ಕೆಲಸಕ್ಕೆ ಹೊರಟಿದಾನೆ. ಯಾವ ನಕ್ಷೆ ನಂಬಲಿ ಅಂತ ಕೇಳ್ತಾನೆ. ನಿಮ್ಮ ಸಿಸ್ಟಂ ಏನು ಹೇಳುತ್ತೆ?"

ಸೂಟಿನವರು ಎಲ್ಲ ನಕ್ಷೆಗಳನ್ನೂ ತಾರೀಕಿನ ಸಮೇತ ತೋರಿಸುತ್ತೇವೆ, ಆರಿಸಿಕೊಳ್ಳುವುದು ಅವನಿಗೆ ಬಿಟ್ಟದ್ದು ಎಂದರು. ವಿಡಿಯೋದವರ ಸಿಸ್ಟಂ ಚೆನ್ನಾಗಿಯೇ ಇತ್ತು, ಆದರೆ ಸಿಗ್ನಲ್ ಇಲ್ಲದ ಕಡೆ ತೆರೆಯದು. ಲಿಫ್ಟು ಏರಿಳಿಯುವ ಆ ಆಳದ ಬಾವಿಯೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು? ಚೀಲದವರು ಮಾತ್ರ ಉತ್ತರ ಕೊಡಲಿಲ್ಲ. ಒಂದು ದಿನ ನೆಲಮಾಳಿಗೆಯಲ್ಲಿ ಕೂರಲೇ ಎಂದು ಕೇಳಿದರು. ಐದೂಮುಕ್ಕಾಲಿಗೆ ಬಂದು, ಫೈಲಕ್ಕನ ಸ್ಟೂಲಿನ ಪಕ್ಕ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತರು. ಕಿರುಚುವ ಲಿಫ್ಟು, ಅಳುವ ಲಿಫ್ಟು ಎಲ್ಲ ಕೇಳಿಸಿಕೊಂಡರು. ಡಬ್ಬಿಗಳನ್ನು ಎಣಿಸಿದರು. ಮಧ್ಯಾಹ್ನ ಫೈಲಕ್ಕನ ಡಬ್ಬಿಯಲ್ಲೇ ಪಾಲು ತಿಂದರು.

"ಅವತ್ತೇ ನನಗೆ ಗೊತ್ತಾಯ್ತು ಇವಳು ನಮ್ಮ ಪೈಕಿ ಅಂತ," ಎನ್ನುತ್ತಾರೆ ಫೈಲಕ್ಕ. "ನನ್ನ ಕೇಳಿದ್ಳು, ಅಕ್ಕಾ, ಇಲ್ಲಿ ಯಾವ ಕೆಲಸ ನೀವು ಯೋಚನೆ ಮಾಡದೇ ಮಾಡ್ತೀರಿ? ಅದನ್ನೆಲ್ಲ ನನಗೆ ಹೇಳಿ ಅಂತ. ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಕಣ್ರೀ."

ಆರಿಸಿದ್ದು ಚೀಲದವರ ಸಿಸ್ಟಂ. ಮೂರರಲ್ಲಿ ನೋಡಲು ಅದೇ ಸಪ್ಪೆ, ಬೂದು ಬಣ್ಣದ್ದು. ಆದರೆ ಒಂದು ಲಿಫ್ಟಿನ ಹೆಸರು ಒತ್ತಿದರೆ ಮೊದಲು ತೆರೆಯುವುದು ಒಂದೇ ನಕ್ಷೆ, ಇಂದಿಗೆ ಸಲ್ಲುವುದು. ಹಳೆಯವು ಅದರ ಹಿಂದೆ. ಬೆಳಗ್ಗೆ ಫೋನಿಗೆ ಇಳಿಸಿಕೊಂಡರೆ ಬಾವಿಯೊಳಗೂ ತೆರೆಯುತ್ತದೆ. ಯಾರು ಯಾವುದನ್ನು ತೆರೆದರೆಂಬುದು ತಾನಾಗಿ ಬರೆದುಕೊಳ್ಳುತ್ತದೆ. ಅಳುವ ಲಿಫ್ಟು ಎಂದು ಹುಡುಕಿದರೂ ಸಿಗುತ್ತದೆ, ಯಾಕೆಂದರೆ ಆ ಹೆಸರುಗಳನ್ನು ಒಂದೊಂದಾಗಿ ತುಂಬುತ್ತಿರುವವರು ಫೈಲಕ್ಕ.

ಹಳೆಯ ನಕ್ಷೆಗೆ ಏನು ಗುರುತು ಹಾಕಲಿ, ಕೆಂಪು ಗೆರೆಯೇ, ಬೀಗದ ಚಿತ್ರವೇ ಎಂದು ಚೀಲದವರು ಕೇಳಿದಾಗ ಫೈಲಕ್ಕ ಹೇಳಿದ್ದು ಒಂದೇ ಮಾತು. "ತಲೆಕೆಳಗಾಗೇ ತೋರಿಸಮ್ಮಾ. ನಮ್ಮೋರಿಗೆ ಅದೇ ಅರ್ಥ ಆಗೋದು."

ಈಗ ಅವರ ದಿನ ಎರಡು ಭಾಗ. ಹತ್ತು ಗಂಟೆವರೆಗೆ ಕಿಟಕಿ. ಆಮೇಲೆ, ಮಧ್ಯಾಹ್ನ ಡಬ್ಬಿ ಹಿಂದಿರುಗಿಸುವ ಹೊತ್ತು ಬಿಟ್ಟರೆ, ಸಂಜೆ ನಾಲ್ಕರವರೆಗೆ ಚೀಲದವರ ಜೊತೆ ಸ್ಕ್ಯಾನಿಂಗು. ದಿನಕ್ಕೆ ಎಪ್ಪತ್ತು ಫೈಲು. ಮುಗಿದಿರುವುದು ಏಳು ಸಾವಿರದ ಚಿಲ್ಲರೆ. ನಿವೃತ್ತಿಗೆ ಉಳಿದಿರುವುದು ಮೂರೂವರೆ ತಿಂಗಳು. ಮುಗಿಯುತ್ತದೆಯೇ ಎಂದರೆ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ರಜೆ ಹಾಕದಿದ್ದರೆ ಮುಗಿಯುತ್ತದೆ. ಹಾಕುವುದಿಲ್ಲ. ಮೊಣಕಾಲು ನೋವಿಗೆ ಡಾಕ್ಟರು ಏಣಿ ಹತ್ತಬೇಡಿ ಎಂದಿದ್ದಾರೆ. "ಹತ್ತಬೇಡ ಅಂದಿದಾರೆ, ಇಳೀಬೇಡ ಅಂದಿಲ್ಲ," ಎಂದು ಫೈಲಕ್ಕ ಏಣಿ ಹತ್ತುತ್ತಾರೆ.

ಆಸೆಯೇನು ಎಂದು ಕೇಳಿದೆ. ಸನ್ಮಾನ, ಪ್ರವಾಸ, ಮೊಮ್ಮಗಳ ಜೊತೆ ಆಟ, ಹೀಗೆ ಏನಾದರೂ ಹೇಳಬಹುದೆಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಫೈಲಿನ ದಾರ ಬಿಗಿದು ಕಟ್ಟಿದರು. "ನಾನು ಹೋದ ಮೇಲೆ ಇಲ್ಲಿಂದ ಒಬ್ಬರೂ ನನಗೆ ಫೋನ್ ಮಾಡಬಾರದು. ಅಕ್ಕಾ, ಅದು ಎಲ್ಲಿದೆ, ಇದು ಯಾವುದು ಅಂತ ಯಾರೂ ಕೇಳೋ ಹಾಗೆ ಇರಬಾರದು. ಹಾಗಾದ್ರೆ ಕೆಲಸ ಸರಿಯಾಗಿ ಮುಗಿಸಿದೆ ಅಂತ." ಇದನ್ನು ಅವರ ಗಂಡನಿಗೆ ಹೇಳಿದಾಗ ಅವರು ನಕ್ಕರು. "ಬಾಯಲ್ಲಿ ಹಾಗಂತಾಳೆ. ನೋಡ್ತಿರಿ, ಬೆಳಗ್ಗೆ ಐದೂಮುಕ್ಕಾಲಿಗೆ ಫೋನ್ ಪಕ್ಕದಲ್ಲೇ ಕೂತಿರ್ತಾಳೆ. ನಾನೇ ಬಾಲ್ಕನಿಯಿಂದ ಫೋನ್ ಮಾಡಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳಬೇಕು."

ನಾನು ಹೊರಡುವ ದಿನವೂ ಬೆಳಗ್ಗೆ ಆರಕ್ಕೆ ಕಿಟಕಿಯ ಬಳಿ ಇದ್ದೆ. ಮೊದಲು ಬಂದವರು ಎಂಟೂವರೆ. ಕೈಯಲ್ಲಿ ಫೋನು. ಅದರಲ್ಲೊಂದು ನಕ್ಷೆ ತಲೆಕೆಳಗಾಗಿ ನಿಂತಿದೆ. ಅರ್ಧ ಬೆರಳಿನಿಂದ ಫೋನನ್ನು ತಿರುಗಿಸುತ್ತಾರೆ. ನಕ್ಷೆಯೂ ಜೊತೆಗೇ ತಿರುಗಿ ಮತ್ತೆ ತಲೆಕೆಳಗೇ ನಿಲ್ಲುತ್ತದೆ.

"ಹೆಂಗೆ ತಿರುಗಿಸಿದ್ರೂ ನೆಟ್ಟಗಾಗಲ್ಲ ಅಕ್ಕಾ. ನಿನ್ನಷ್ಟೇ ಹಟಮಾರಿ."

"ಹಳೇದಾ?"

"ಹಳೇದೇ. ಗೋಡೆ ಒಳಗಿನ ವೈರು ನೋಡ್ತಿದ್ದೆ. ಹೊಸದು ಆಗ್ಲೇ ನೋಡಾಯ್ತು." ಫೋನು ಜೇಬಿಗೆ ಹೋಗುತ್ತದೆ. ಆಮೇಲೆ ಚೀಲದಿಂದ ಊಟದ ಡಬ್ಬಿ ತೆಗೆದು ಕಿಟಕಿಯ ಕಟ್ಟೆ ಮೇಲೆ ಇಡುತ್ತಾರೆ.

ಫೈಲಕ್ಕ ಡಬ್ಬಿ ನೋಡುತ್ತಾರೆ, ಅವರ ಮುಖ ನೋಡುತ್ತಾರೆ. "ಫೈಲೇ ತಗೊಂಡಿಲ್ಲವಲ್ಲೋ. ಡಬ್ಬಿ ಯಾಕೆ?"

"ಮಧ್ಯಾಹ್ನ ನಾನು ವಾಪಸ್ ಬಂದ್ನಾ ಅಂತ ಯಾರಾದ್ರೂ ನೋಡ್ಬೇಕಲ್ಲಕ್ಕಾ."

ಫೈಲಕ್ಕ ಡಬ್ಬಿಯ ಮುಚ್ಚಳವನ್ನು ಸ್ವೆಟರಿನ ತೋಳಿನಿಂದ ಒಮ್ಮೆ ಒರೆಸಿ, ಕಪಾಟಿನಲ್ಲಿ ಎಲ್ಲಕ್ಕಿಂತ ಮುಂದೆ ಇಡುತ್ತಾರೆ. ಚೀಟಿಯೊಂದನ್ನು ಹರಿದು, ಏನೂ ಬರೆಯದೆ ಅದರ ಕೆಳಗೆ ಸೇರಿಸುತ್ತಾರೆ.

"ಹನ್ನೆರಡೂವರೆ," ಎನ್ನುತ್ತಾರೆ. "ಒಂದು ನಿಮಿಷ ಹೆಚ್ಚಾಗಬಾರದು."